ನೀರು, ತಂತಿ, ಕೊನೆಗೆ ಬಣ್ಣ: ಮೈಸೂರಿನ ಒಂದು ಹಳೆ ಮನೆಯ ರಿಪೇರಿ

ಮನೆ ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ಮೂವತ್ತು ನಲವತ್ತರ ಸೈಟು, 1992ರಲ್ಲಿ ಕಟ್ಟಿದ್ದು. ಕೆಳಗೆ ಎಂಟು ಚದರ, ಕೆಲವು ವರ್ಷಗಳ ನಂತರ ಮೇಲೆ ಸೇರಿಸಿದ ಮಹಡಿಯೂ ಎಂಟು ಚದರ. ಆ ಕಾಲದ ಹೆಚ್ಚಿನ ಮನೆಗಳಂತೆ ಇದಕ್ಕೂ ಕಂಬಗಳಿಲ್ಲ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗಳೇ ತಾರಸಿಯ ಭಾರ ಹೊತ್ತಿವೆ. ಕೆಳಗಿನ ನೆಲ ಮೊಸಾಯಿಕ್, ಮೇಲಿನದು ಕೆಂಪು ಆಕ್ಸೈಡ್. ನೀರಿಗೆ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು), ಅಡುಗೆಮನೆಯ ಕಟ್ಟೆಗೆ ಕಡಪ ಕಲ್ಲು, ಮೀಟರ್ ಪಕ್ಕದಲ್ಲಿ ಪಿಂಗಾಣಿ ಫ್ಯೂಸುಗಳು.

ಕಳೆದ ವರ್ಷ ಜನವರಿಯಲ್ಲಿ ಈ ಮನೆ ಕೊಂಡವರು ಒಬ್ಬ ಹೈಸ್ಕೂಲ್ ಮೇಷ್ಟ್ರು. ಪತ್ನಿಗೆ ಖಾಸಗಿ ಕಂಪನಿಯಲ್ಲಿ ಕೆಲಸ. ಜೊತೆಗೆ ಮಂಡಿನೋವಿನ ತಾಯಿ, ಯುಕೆಜಿಗೆ ಹೋಗುವ ಮಗಳು. ಸಾಲದ ಕಂತು ಆಗಲೇ ಶುರುವಾಗಿತ್ತು, ಬಾಡಿಗೆಯೂ ನಡೆದಿತ್ತು. ಎರಡೂ ಕಡೆ ದುಡ್ಡು ಹೋಗುವಾಗ ಯಾರಿಗಾದರೂ ಬೇಗ ಸಾಮಾನು ಸಾಗಿಸಿಬಿಡೋಣ ಅನ್ನಿಸುತ್ತದೆ. ರಿಪೇರಿಗೆಂದು ಅವರು ಎತ್ತಿಟ್ಟಿದ್ದು ಒಂಬತ್ತು ಲಕ್ಷ.

ನಾನು ಸಿವಿಲ್ ಇಂಜಿನಿಯರ್. ಹೊಸ ಮನೆಗಳಿಗಿಂತ ಹಳೆ ಮನೆಗಳ ಕೆಲಸವೇ ನನ್ನ ಕೈಗೆ ಹೆಚ್ಚು ಬರುತ್ತದೆ. ಸರಸ್ವತಿಪುರಂ, ಕುವೆಂಪುನಗರ, ರಾಮಕೃಷ್ಣನಗರ, ವಿಜಯನಗರದ ಕಡೆ ಮೂವತ್ತು ವರ್ಷ ದಾಟಿದ ಇಂಥ ಮನೆಗಳು ಈಗ ಕೈಬದಲಾಗುತ್ತಿವೆ. ಕೊಂಡವರ ತಲೆಯಲ್ಲಿರುವ ಪಟ್ಟಿಯೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಈ ಒಂದು ಮನೆಯ ಕಥೆಯನ್ನು ಪೂರ್ತಿ ಬರೆದಿಡುವುದು ಬೇರೆಯವರಿಗೂ ಉಪಯೋಗವಾಗುತ್ತದೆ ಎಂದು ನನ್ನ ನಂಬಿಕೆ.

ಕೈಯಲ್ಲಿದ್ದ ಪಟ್ಟಿ

ಮೇಷ್ಟ್ರ ಕೈಯಲ್ಲಿ ಒಳಾಂಗಣ ವಿನ್ಯಾಸ ಮಾಡುವವರೊಬ್ಬರು ಕೊಟ್ಟ ಕೊಟೇಶನ್ ಇತ್ತು. ಎರಡೂ ಮಹಡಿಗೆ ವಿಟ್ರಿಫೈಡ್ ಟೈಲ್ಸ್, ಹಜಾರಕ್ಕೂ ಮೇಲಿನ ಕೋಣೆಗೂ ಫಾಲ್ಸ್ ಸೀಲಿಂಗ್, ಮಾಡ್ಯುಲರ್ ಅಡುಗೆಮನೆ, ಎರಡು ವಾರ್ಡ್‌ರೋಬು, ಒಳಗೆ ಹೊರಗೆ ಬಣ್ಣ, ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆ ತೆಗೆಯುವುದು. ಒಟ್ಟು ಒಂಬತ್ತೂವರೆ ಲಕ್ಷ. ಅದರಲ್ಲಿ ಪೈಪಿನ ಮಾತಿಲ್ಲ, ವೈರಿಂಗ್ ಮಾತಿಲ್ಲ, ತಾರಸಿಯ ಮಾತಂತೂ ಇಲ್ಲವೇ ಇಲ್ಲ. ಕೊಟ್ಟವರದ್ದು ತಪ್ಪು ಅನ್ನಲಾರೆ, ಕೇಳಿದ್ದಕ್ಕೆ ಬೆಲೆ ಹೇಳಿದ್ದರು. ಕೇಳಬೇಕಾದ್ದನ್ನು ಕೇಳುವವರು ಯಾರೂ ಇರಲಿಲ್ಲ, ಅಷ್ಟೆ.

ಮೊದಲ ಭೇಟಿಯಲ್ಲೇ ನಾನು ಹೇಳಿದ್ದು ಇದು: ಮನೆ ಖಾಲಿ ಇರುವುದು ಈ ಒಂದು ಸಲ ಮಾತ್ರ. ಸಾಮಾನು ಬಂದಮೇಲೆ ಬಣ್ಣ ಹೊಡೆಸಬಹುದು, ಬೀರು ಮಾಡಿಸಬಹುದು, ಒಂದೊಂದೇ ಕೋಣೆಯಂತೆ ಟೈಲ್ಸೂ ಹಾಕಿಸಬಹುದು. ಗೋಡೆಯೊಳಗಿನ ಪೈಪು, ತಂತಿ, ಬಚ್ಚಲಿನ ನೆಲದ ಅಡಿ, ಇವನ್ನು ಆಮೇಲೆ ಮುಟ್ಟಬೇಕೆಂದರೆ ಮನೆಯವರೆಲ್ಲ ಮತ್ತೆ ಹೊರಗೆ ಹೋಗಬೇಕು. ಹಾಗಾಗಿ ದುಡ್ಡು ಮೊದಲು ಕಣ್ಣಿಗೆ ಕಾಣದ ಜಾಗಕ್ಕೆ ಹೋಗಲಿ, ಉಳಿದದ್ದರಲ್ಲಿ ಕಾಣುವ ಜಾಗ.

ಮೇಷ್ಟ್ರ ಪತ್ನಿಗೆ ಇದು ಹಿಡಿಸಲಿಲ್ಲ. ‘ಸಾರ್, ಒಂಬತ್ತು ಲಕ್ಷ ಖರ್ಚು ಮಾಡಿ ಮನೆ ನೋಡೋಕೆ ಬಂದವರಿಗೆ ಏನೂ ಕಾಣಿಸದಿದ್ರೆ ಹೇಗೆ?’ ಎಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಹತ್ತು ವರ್ಷ ಬಾಡಿಗೆ ಮನೆಯಲ್ಲಿದ್ದವರು ಸ್ವಂತ ಮನೆ ಚೆನ್ನಾಗಿ ಕಾಣಲಿ ಎಂದು ಆಸೆಪಟ್ಟರೆ ಅದನ್ನು ಶೋಕಿ ಎನ್ನಬಾರದು. ‘ಮೇಡಂ, ಮೊದಲು ಮನೆಯಲ್ಲಿ ಏನಿದೆ ಅಂತ ನೋಡೋಣ, ಆಮೇಲೆ ಪಟ್ಟಿ ನೀವೇ ಮಾಡಿ’ ಎಂದೆ.

ಹಜಾರದ ಗೋಡೆ

ಮಾರುವ ಮುಂಚೆ ಹಳೆ ಮಾಲೀಕರು ಮನೆಗೆಲ್ಲ ಒಂದು ಕೋಟ್ ಬಣ್ಣ ಹೊಡೆಸಿದ್ದರು. ಆದರೂ ಹಜಾರದ ಒಂದು ಗೋಡೆಯಲ್ಲಿ, ನೆಲದಿಂದ ಸುಮಾರು ಮೂರಡಿ ಎತ್ತರದವರೆಗೆ, ಬಣ್ಣ ಉಬ್ಬಿ ಬೊಬ್ಬೆ ಎದ್ದಿತ್ತು. ಉಗುರಿನಿಂದ ಕೆರೆದರೆ ಪುಟ್ಟಿ ಪುಡಿಪುಡಿಯಾಗಿ ಉದುರುತ್ತಿತ್ತು, ಹಿಂದೆ ಬಿಳಿ ಉಪ್ಪು. ಆ ಗೋಡೆಯ ಹಿಂದೆಯೇ ಕೆಳಗಿನ ಬಚ್ಚಲು.

ಹೀಗೆ ಕಂಡ ತೇವಕ್ಕೆ ನೆಲದಿಂದ ಏರಿದ ನೀರು, ಮಳೆ ನೀರು, ಬಚ್ಚಲಿನ ನೆಲದಿಂದ ಜಿನುಗಿದ ನೀರು, ಪೈಪಿನ ಸೋರಿಕೆ, ಈ ನಾಲ್ಕರಲ್ಲಿ ಯಾವುದು ಬೇಕಾದರೂ ಕಾರಣ ಆಗಬಹುದು. ನಾಲ್ಕಕ್ಕೂ ಮದ್ದು ಬೇರೆ. ಗೊತ್ತುಮಾಡಿಕೊಳ್ಳದೆ ‘ವಾಟರ್‌ಪ್ರೂಫ್ ಪೇಂಟ್’ ಬಳಿದರೆ ನೀರು ಗೋಡೆಯ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಈ ಹಂತದಲ್ಲಿ ಆತುರಪಟ್ಟೇ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಅದಕ್ಕೇ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾವು ನೋಡಿದ್ದು ಫೆಬ್ರುವರಿಯಲ್ಲಿ. ತಿಂಗಳುಗಟ್ಟಲೆ ಮಳೆ ಇರಲಿಲ್ಲ. ಆದರೂ ಗೋಡೆ ಕೈಗೆ ತಣ್ಣಗಿತ್ತು. ಮಳೆ ಪಟ್ಟಿಯಿಂದ ಹೋಯಿತು. ನೆಲದ ತೇವವಾಗಿದ್ದರೆ ಅಕ್ಕಪಕ್ಕದ ಗೋಡೆಗಳಲ್ಲೂ ಒಂದೇ ಎತ್ತರಕ್ಕೆ ಕಾಣಬೇಕಿತ್ತು. ಇದು ಒಂದೇ ಗೋಡೆಯಲ್ಲಿ, ಅದೂ ಒಂದು ಮೂಲೆಯಲ್ಲಿ ಜಾಸ್ತಿ. ಅದೂ ದೂರ ಸರಿಯಿತು. ಉಳಿದದ್ದು ಬಚ್ಚಲಿನ ನೆಲ ಮತ್ತು ಪೈಪು.

ಸಂಜೆ ಮೇಲಿನ ಟ್ಯಾಂಕ್ ತುಂಬಿಸಿ, ಎಲ್ಲ ನಲ್ಲಿ ಬಿಗಿ ಮಾಡಿ, ಟ್ಯಾಂಕಿನ ಒಳಗೋಡೆಗೆ ನೀರಿನ ಮಟ್ಟದಲ್ಲಿ ಪೆನ್ಸಿಲ್ ಗೆರೆ ಎಳೆದು ಬಂದೆವು. ಮನೆಯಲ್ಲಿ ಯಾರೂ ಇಲ್ಲ. ಬೆಳಿಗ್ಗೆ ನೋಡಿದರೆ ನೀರು ಗೆರೆಯಿಂದ ನಾಲ್ಕು ಬೆರಳು ಕೆಳಗೆ. ಮರುದಿನ ಕೆಳಗಿನ ಬಚ್ಚಲಿಗೆ ಹೋಗುವ ಗೇಟ್ ವಾಲ್ವ್ ಮಾತ್ರ ಮುಚ್ಚಿ ಮತ್ತೆ ಅದೇ ಪರೀಕ್ಷೆ. ಗೆರೆ ಇದ್ದಲ್ಲೇ ನೀರು. ಬಳಸದೆಯೇ ನೀರು ಹೋಗುತ್ತಿದೆ ಅಂದರೆ ಅದು ಒತ್ತಡದಲ್ಲಿರುವ ಪೈಪು. ಬಚ್ಚಲಿನ ನೆಲದ ತಪ್ಪಾಗಿದ್ದರೆ ಸ್ನಾನ ಮಾಡಿದಾಗ ಮಾತ್ರ ಜಿನುಗುತ್ತಿತ್ತು.

ಪ್ಲಂಬರ್ ಬಚ್ಚಲಿನ ಕಡೆಯಿಂದ ಟೈಲ್ಸ್ ಒಡೆದಾಗ ಪೈಪು ತಿರುಗುವ ಕಡೆಯ ಎಲ್ಬೋ ಒಂದು ಮುಟ್ಟಿದರೆ ಮುರಿಯುವ ಸ್ಥಿತಿಯಲ್ಲಿತ್ತು. ಆ ಪೈಪಿನ ಒಂದು ಗೇಣಿನಷ್ಟು ತುಂಡು ಕತ್ತರಿಸಿ ಮೇಷ್ಟ್ರ ಕೈಗೆ ಕೊಟ್ಟ. ಮುಕ್ಕಾಲು ಇಂಚಿನ ಪೈಪು; ಒಳಗೆ ಸುತ್ತ ತುಕ್ಕು ಬೆಳೆದು ಪೆನ್ಸಿಲ್ ತೂರುವಷ್ಟು ಜಾಗ ಉಳಿದಿತ್ತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಪತ್ನಿಗೂ ಕೊಟ್ಟರು. ‘ಈ ನೀರಲ್ಲೇ ಮಗೂಗೆ ಹಲ್ಲುಜ್ಜಿಸಬೇಕಾಗ್ತಿತ್ತಾ!’ ಎಂದರು ಮೇಡಂ. ಪೈಪು ಬದಲಾಯಿಸುವ ಬಗ್ಗೆ ಆಮೇಲೆ ಯಾರೂ ಚರ್ಚೆ ಮಾಡಲಿಲ್ಲ. ಇಡೀ ಮನೆಯ ಜಿಐ ಪೈಪು ತೆಗೆದು, ಬಿಸಿನೀರು ಓಡುವ ಕಡೆಯೆಲ್ಲ ಶಾಖ ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು, ಹೊರಗಿನ ತಣ್ಣೀರಿನ ಲೈನಿಗೆ ಯುಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿದೆವು. ಪ್ಲಾಸ್ಟರ್ ಮುಚ್ಚುವ ಮುನ್ನ ಕೈಪಂಪಿನಿಂದ ಒತ್ತಡ ಕೊಟ್ಟು ರಾತ್ರಿಯಿಡೀ ಬಿಟ್ಟು, ಗೇಜಿನ ಮುಳ್ಳು ಇಳಿದಿಲ್ಲ ಎಂದು ನೋಡಿದ ಮೇಲೆಯೇ ಗಾರೆಯವರನ್ನು ಕರೆದದ್ದು.

ಬಚ್ಚಲನ್ನು ಹೇಗೂ ಒಡೆದಾಗಿತ್ತು. ನೆಲದ ಅಡಿಯವರೆಗೆ ತೆಗೆದು, ಮೂಲೆಗಳಿಗೆ ಗೋಲ ಕೊಟ್ಟು (ಗಾರೆಯಿಂದ ದುಂಡಗೆ ಮಾಡಿ), ಪಾಲಿಮರ್ ಸೇರಿದ ಸಿಮೆಂಟ್ ಲೇಪ ಎರಡು ಕೋಟ್, ಗೋಡೆಗೆ ಒಂದಡಿ ಎತ್ತರ, ಷವರ್ ಬೀಳುವ ಕಡೆ ತಲೆಯ ಮಟ್ಟದವರೆಗೆ. ಆಮೇಲೆ ನೆಲದ ನೀರು ಹೊರಹೋಗುವ ನಾನಿ ಟ್ರ್ಯಾಪ್ ಮುಚ್ಚಿ ಎರಡು ದಿನ ನೀರು ನಿಲ್ಲಿಸಿದೆವು. ಮೇಲಿನ ಬಚ್ಚಲಿಗೂ ಇದೇ ಕ್ರಮ. ಅಲ್ಲಿ ನೀರು ನಿಂತಿರುವಾಗ ಕೆಳಗಿನ ಕೋಣೆಯ ಮೇಲ್ಛಾವಣಿಯನ್ನು ಟಾರ್ಚ್ ಹಿಡಿದು ನೋಡಬೇಕು. ಈ ಎರಡು ದಿನ ಟೈಲ್ಸ್ ಮೇಸ್ತ್ರಿಗೆ ಕೆಲಸ ಇರುವುದಿಲ್ಲ, ಅವರು ಗೊಣಗುತ್ತಾರೆ. ಅವರಿಗೆ ಬೇರೆ ಮೂಲೆಯಲ್ಲಿ ಕೆಲಸ ಹೊಂದಿಸಿಕೊಡಬೇಕು, ಪರೀಕ್ಷೆಯನ್ನಂತೂ ಬಿಡಬಾರದು.

ಅಜ್ಜಿಗಾಗಿ ಕೆಳಗಿನ ಬಚ್ಚಲಿನ ಹೊಸಿಲನ್ನು ಅರ್ಧ ಇಂಚಿಗೆ ಇಳಿಸಿದೆವು, ಕಮೋಡಿನ ಪಕ್ಕ ಸ್ಟೀಲ್ ಹಿಡಿಕೆ. ಹಿಡಿಕೆಯ ಸ್ಕ್ರೂ ಕೂರುವ ಕಡೆ ಗೋಡೆಗೆ ಗಟ್ಟಿ ಕಾಂಕ್ರೀಟ್ ತುಂಬಿಸಿದ್ದು ಟೈಲ್ಸ್ ಹಾಕುವ ಮುಂಚೆ. ಹೊಸಿಲು ಇಳಿಸಿದರೆ ನೀರು ಹೊರಗೆ ಬರದಂತೆ ನೆಲದ ವಾಟ (ಇಳಿಜಾರು) ಸರಿಯಾಗಿರಬೇಕು. ಅಡಿಗೆ ಕಾಲು ಇಂಚು ಕೊಟ್ಟೆವು. ಬಾಗಿಲಿನ ಚೌಕಟ್ಟು ತಟ್ಟಿದರೆ ಟೊಳ್ಳು ಸದ್ದು, ಬುಡ ಪೂರ್ತಿ ಗೆದ್ದಲು. ಅದನ್ನು ತೆಗೆದು ಗ್ರಾನೈಟ್ ಚೌಕಟ್ಟು ನಿಲ್ಲಿಸಿದೆವು. ಗೋಡೆ ನೆಲ ಸೇರುವ ಕಡೆ ಅಡಿಗೊಂದರಂತೆ ರಂಧ್ರ ಕೊರೆದು ಗೆದ್ದಲಿನ ಔಷಧಿಯನ್ನೂ ಆಗಲೇ ಹಾಕಿಸಿದ್ದು.

ತಾರಸಿ

ಮೇಲಿನ ಕೋಣೆಯ ಮೇಲ್ಛಾವಣಿಯಲ್ಲಿ ಚಹಾ ಬಣ್ಣದ ಕಲೆ ಇತ್ತು. ಫಾಲ್ಸ್ ಸೀಲಿಂಗ್ ಪಟ್ಟಿಗೆ ಬಂದದ್ದೇ ಅದನ್ನು ಮುಚ್ಚಲು. ಮುಚ್ಚಿದ್ದರೆ ನೀರು ಜಿಪ್ಸಮ್ ಹಾಳೆಯ ಮೇಲೆ ಬೀಳುತ್ತಿತ್ತು, ಹಾಳೆ ಕುಸಿಯುವ ತನಕ ಗೊತ್ತೂ ಆಗುತ್ತಿರಲಿಲ್ಲ. ಅಷ್ಟರಲ್ಲಿ ಒಳಗಿನ ಕಬ್ಬಿಣ ತುಕ್ಕು ಹಿಡಿದಿರುತ್ತಿತ್ತು. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಮೂಲ ಗಾತ್ರದ ಹಲವು ಪಟ್ಟು ಜಾಗ ಕೇಳುತ್ತದೆ, ಕಾಂಕ್ರೀಟನ್ನು ಒಳಗಿಂದಲೇ ಸಿಡಿಸುತ್ತದೆ. ಈ ಮನೆಯ ಕಿಟಕಿಗಳ ಮೇಲೆ ಚಾಚಿದ ಎರಡು ಸಜ್ಜಾಗಳಲ್ಲಿ ಅದು ಆಗಲೇ ಆಗಿತ್ತು. ಅಡಿಭಾಗದ ಗಾರೆ ಉದುರಿ ಸರಳು ಕಾಣುತ್ತಿತ್ತು.

ತಾರಸಿ ಹತ್ತಿ ನಾಲ್ಕು ಬಕೆಟ್ ನೀರು ಸುರಿದೆವು. ಮಳೆಕೊಳವೆಯ ಬಾಯಿಗೆ ಹೋಗಬೇಕಾದ ನೀರು ಅದಕ್ಕೆ ಮೂರಡಿ ಈಚೆಗೆ ನಿಂತುಬಿಟ್ಟಿತು. ಹಿಂದೆ ಯಾರೋ ಸೋರಿಕೆಗೆಂದು ಹಳೆ ಗಾರೆಯ ಮೇಲೆ ಇನ್ನೊಂದು ಪದರ ಗಾರೆ ಹಾಕಿಸಿ, ವಾಟ ನೋಡದೆ ಕೊಳವೆಯ ಬಾಯಿಯನ್ನು ಎತ್ತರ ಮಾಡಿಬಿಟ್ಟಿದ್ದರು. ಅಂದರೆ ರಿಪೇರಿಯೇ ಕಾಯಿಲೆಯಾಗಿತ್ತು. ಕೊಳವೆಯ ಸುತ್ತ ಎರಡಡಿ ಕೆತ್ತಿ ಬಾಯಿ ತಗ್ಗಿಸಿ, ಪ್ಯಾರಪೆಟ್ ಬುಡಕ್ಕೆ ಗೋಲ ತಿರುಗಿಸಿ, ಬಿರುಕುಗಳನ್ನು ಬಿಡಿಸಿ ತುಂಬಿ, ಮೇಲೆ ಲೇಪ ಕೊಟ್ಟದ್ದು ಏಪ್ರಿಲ್ ಮೊದಲ ವಾರದಲ್ಲಿ. ಮೈಸೂರಿನಲ್ಲಿ ಜೂನ್‌ವರೆಗೆ ಸಮಯ ಇದೆ ಎಂದು ಲೆಕ್ಕ ಹಾಕಬಾರದು. ಭರಣಿ ಮಳೆ ಬಂದರೆ ಒಂದೇ ಸಂಜೆಗೆ ಎಲ್ಲ ತೊಳೆದುಹೋಗುತ್ತದೆ. ಸಜ್ಜಾಗಳಲ್ಲಿ ಸಡಿಲ ಗಾರೆ ಕೆತ್ತಿ, ಸರಳನ್ನು ತಂತಿ ಬ್ರಷ್‌ನಿಂದ ಉಜ್ಜಿ ತುಕ್ಕು ತೆಗೆದು, ತುಕ್ಕು ತಡೆಯುವ ಲೇಪ, ಅದರ ಮೇಲೆ ಪಾಲಿಮರ್ ಗಾರೆ.

ಹಿತ್ತಲ ಕಡೆ ಬಟ್ಟೆ ಒಗೆಯುವ ಜಾಗಕ್ಕೆ ಹಳೆ ಆಸ್ಬೆಸ್ಟಾಸ್ ಶೀಟು ಹೊದಿಸಿತ್ತು. ಕೆಲಸದ ಹುಡುಗರು ಸುತ್ತಿಗೆ ಎತ್ತಿಕೊಂಡೇ ಬಂದಿದ್ದರು, ತಡೆದೆ. ಆ ಶೀಟು ಒಡೆದರೆ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಬೇಕು. ಮನೆಯವರ ಆರೋಗ್ಯದಷ್ಟೇ ಕೆಲಸದವರ ಆರೋಗ್ಯವೂ ನಮ್ಮ ಜವಾಬ್ದಾರಿ. ಮಾಸ್ಕ್ ಕೊಟ್ಟರೆ ಸಾಲದು, ಹಾಕಿಕೊಳ್ಳುವವರೆಗೆ ನಿಂತು ನೋಡಬೇಕು.

ಗೋಡೆ ತೆಗೆಯುವ ಆಸೆ

ಅಡುಗೆಮನೆಯ ನಡುಗೋಡೆ ಒಂಬತ್ತು ಇಂಚಿನದು. ಸರಿಯಾಗಿ ಅದರ ಮೇಲೆಯೇ ಮಹಡಿಯ ಗೋಡೆ ನಿಂತಿದೆ. ಕಂಬವಿಲ್ಲದ ಮನೆಯಲ್ಲಿ ಇಂಥ ಗೋಡೆ ತೆಗೆಯಬೇಕಾದರೆ ತೊಲೆ ಕೊಡಬೇಕು, ತೊಲೆಯ ಎರಡೂ ತುದಿಯ ಭಾರ ಹೊರಲು ಕಂಬ, ಕಂಬಕ್ಕೆ ಪಾಯ. ಅಷ್ಟು ಮಾಡಿದರೆ ಬಜೆಟ್ಟಿನ ಮೂರನೇ ಒಂದು ಭಾಗ ಅಲ್ಲೇ ಮುಗಿಯುತ್ತದೆ. ‘ಹೊಡೀರಿ ಸಾರ್, ಪಕ್ಕದ ಬೀದೀಲಿ ಹೊಡೆದೌರೆ, ಏನೂ ಆಗಿಲ್ಲ’ ಎಂದ ಮೇಸ್ತ್ರಿ. ಅಲ್ಲಿ ತೆಗೆದದ್ದು ನಾಲ್ಕೂವರೆ ಇಂಚಿನ ಅಡ್ಡಗೋಡೆ ಇರಬಹುದು, ಅಥವಾ ಏನೂ ಆಗದಿರುವುದು ಇನ್ನೂ ಆಗಿಲ್ಲ ಎಂದಷ್ಟೇ ಇರಬಹುದು.

ಕೊನೆಗೆ ಗೋಡೆಯಲ್ಲಿ ನಾಲ್ಕಡಿ ಅಗಲದ ಕಿಂಡಿ ತೆಗೆದೆವು. ಮೊದಲು ಎರಡೂ ಕಡೆ ತಾರಸಿಗೆ ಜಾಕಿ ಕೊಟ್ಟು, ಮೇಲೆ ಲಿಂಟಲ್ (ಕಿಂಡಿಯ ಮೇಲಿನ ಭಾರ ಹೊರುವ ಅಡ್ಡ ತೊಲೆ) ಕೂರಿಸಿ, ಅದರ ತುದಿಗಳು ಎರಡೂ ಮಗ್ಗುಲಲ್ಲಿ ಒಂಬತ್ತು ಇಂಚು ಗೋಡೆಯ ಮೇಲೆ ಕೂರುವಂತೆ ಮಾಡಿ, ಅದು ಗಟ್ಟಿಯಾದ ಮೇಲೆಯೇ ಕೆಳಗಿನ ಇಟ್ಟಿಗೆ ಬಿಡಿಸಿದ್ದು. ಅಡುಗೆಮನೆಗೆ ಬೆಳಕು ಬಂತು, ಊಟದ ಮೇಜಿಗೆ ಪಾತ್ರೆ ದಾಟಿಸಲು ಅನುಕೂಲವಾಯಿತು. ಪೂರ್ತಿ ಗೋಡೆ ಹೋಗಬೇಕೆಂಬ ಹಟ ಮೇಡಂಗೆ ಆಗ ಉಳಿಯಲಿಲ್ಲ.

ತಂತಿ

ಹಜಾರದ ಮೂರು ರಂಧ್ರದ ಸಾಕೆಟ್ಟಿಗೆ ಎಲೆಕ್ಟ್ರಿಷಿಯನ್ ಟೆಸ್ಟ್ ಲ್ಯಾಂಪ್ ಕೊಟ್ಟ. ಫೇಸಿಗೂ ನ್ಯೂಟ್ರಲಿಗೂ ಹತ್ತಿತು. ಫೇಸಿಗೂ ಅರ್ತಿಗೂ ಕೊಟ್ಟರೆ ಹತ್ತಲಿಲ್ಲ. ಸಾಕೆಟ್ ಬಿಚ್ಚಿದಾಗ ಅರ್ತ್ ಪಿನ್ನಿಗೆ ತಂತಿಯೇ ಇಲ್ಲ, ಅಂದರೆ ಸೋರಿದ ಕರೆಂಟು ನೆಲ ಸೇರಲು ದಾರಿಯಿಲ್ಲ. ಮೇಲಿನ ಬಚ್ಚಲಿನ ಗೀಸರ್ ಸಾಕೆಟ್ಟೂ ಹಾಗೆಯೇ. ಈ ಮನೆಯಲ್ಲಿ ಇಷ್ಟು ವರ್ಷ ಜನ ಒದ್ದೆ ಕೈಯಲ್ಲಿ ಗೀಸರ್ ಸ್ವಿಚ್ಚು ಹಾಕಿದ್ದಾರೆ ಎಂದು ಯೋಚಿಸಿದರೆ ಈಗಲೂ ಮೈ ಜುಂ ಅನ್ನುತ್ತದೆ.

ಹಳೆ ಗೇಜಿನ ಲೆಕ್ಕದ (1/18, 3/20) ತಂತಿಗಳನ್ನೆಲ್ಲ ಎಳೆದು ತೆಗೆದೆವು. ಲೈಟಿಗೆ 1.5, ಪವರ್ ಸಾಕೆಟ್ಟಿಗೆ 2.5, ಗೀಸರ್ ಮತ್ತು ಇಂಡಕ್ಷನ್ ಒಲೆಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ. ಪ್ರತಿ ಸಾಕೆಟ್ಟಿಗೂ ಹಸಿರು ಅರ್ತ್ ತಂತಿ. ಪಿಂಗಾಣಿ ಫ್ಯೂಸಿನ ಜಾಗಕ್ಕೆ ಎಂಸಿಬಿ, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಎಂಸಿಬಿ ಕರೆಂಟು ಮಿತಿ ಮೀರಿದಾಗ ಕಡಿದು ತಂತಿಯನ್ನು ಕಾಯುತ್ತದೆ, ಆರ್‌ಸಿಸಿಬಿ ಕರೆಂಟು ಸೋರಿದಾಗ ಕಡಿದು ಮನುಷ್ಯನನ್ನು ಕಾಯುತ್ತದೆ. ಒಂದು ಇದೆ ಎಂದು ಇನ್ನೊಂದನ್ನು ಬಿಡುವಂತಿಲ್ಲ. ಹೊರಗೆ ಹೊಸ ಅರ್ತ್ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿಸಿದೆವು. ಮಂಜೂರಾದ ಲೋಡ್ ಹಳೆಯ ಕಾಲದ್ದು, ಅದನ್ನು ಹೆಚ್ಚಿಸಲು ಅರ್ಜಿ ಹಾಕಿದ್ದೂ ಇದೇ ಸಮಯದಲ್ಲಿ.

ಪೈಪಿಗೂ ತಂತಿಗೂ ಗೋಡೆ ಕೊರೆಯುವಾಗ ಒಂದು ನಿಯಮ ಇಟ್ಟುಕೊಂಡಿದ್ದೆವು. ಮೇಲಿಂದ ಕೆಳಕ್ಕೆ ಕೊರೆಯಬಹುದು, ಗೋಡೆಯ ದಪ್ಪದ ಮೂರನೇ ಒಂದು ಭಾಗ ಮೀರಬಾರದು. ಅಡ್ಡಕ್ಕೆ ಕೊರೆಯುವುದನ್ನು ಆದಷ್ಟು ತಪ್ಪಿಸಬೇಕು, ಕೊರೆದರೂ ಆರನೇ ಒಂದು ಭಾಗಕ್ಕಿಂತ ಆಳ ಬೇಡ. ಭಾರ ಹೊತ್ತ ಗೋಡೆಗೆ ಅಡ್ಡಗಾಯ ಒಳ್ಳೆಯದಲ್ಲ. ಎಲೆಕ್ಟ್ರಿಷಿಯನ್‌ಗೆ ತಂತಿ ಉಳಿಸಲು ಅಡ್ಡ ಹೋಗುವುದೇ ಸಲೀಸು. ಆದ್ದರಿಂದ ಮಾರ್ಕಿಂಗನ್ನು ಚಾಕಿನಲ್ಲಿ ನಾನೇ ಮಾಡಿಕೊಟ್ಟೆ.

ಗಾರೆ ಮುಚ್ಚುವ ಮುನ್ನ ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆಸಿದೆವು. ಎಲ್ಲಿ ಪೈಪು, ಎಲ್ಲಿ ತಂತಿ, ಮೂಲೆಯಿಂದ ಎಷ್ಟು, ನೆಲದಿಂದ ಎಷ್ಟು ಎಂದು ಕಾಣುವ ಹಾಗೆ. ಕಾಸು ಖರ್ಚಿಲ್ಲದ ಕೆಲಸ ಇದು. ನಾಳೆ ನೀರಿನ ಫಿಲ್ಟರ್ ತಗುಲಿಸಲು ಬಂದವನು ಪೈಪಿಗೇ ಡ್ರಿಲ್ ಹಾಕದಂತೆ ಕಾಪಾಡುವುದು ಈ ಫೋಟೋಗಳೇ.

ಮುಹೂರ್ತ

ಪುರೋಹಿತರು ವೈಶಾಖದಲ್ಲಿ ಒಳ್ಳೆಯ ದಿನ ಕೊಟ್ಟಿದ್ದರು. ಬಿಟ್ಟರೆ ಆಷಾಢ ಬರುತ್ತದೆ, ಆಮೇಲೆ ಶ್ರಾವಣ. ಅಂದರೆ ಇನ್ನೂ ಎರಡು ಮೂರು ತಿಂಗಳ ಬಾಡಿಗೆ. ವೈಶಾಖದ ಹೊತ್ತಿಗೆ ಬಚ್ಚಲು, ವೈರಿಂಗ್ ಮುಗಿಯುತ್ತದೆ, ಬಣ್ಣ ಮುಗಿಯುವುದಿಲ್ಲ ಎಂದು ನನ್ನ ಅಂದಾಜು. ಹೊಸ ಗಾರೆಗೆ ವಾರವಾದರೂ ನೀರು ಹಾಕಬೇಕು, ಆಮೇಲೆ ಒಣಗಲು ಸುಮಾರು ಒಂದು ತಿಂಗಳು. ಹಸಿ ಗೋಡೆಗೆ ಪುಟ್ಟಿ ಎಳೆದರೆ ಮೊದಲಿನ ಬೊಬ್ಬೆಯೇ ಮತ್ತೆ.

ಮೇಷ್ಟ್ರು ಬಣ್ಣ ಬೇಗ ಹೊಡೆಸಿಬಿಡಿ ಎಂದು ಕೇಳಿಕೊಂಡರು. ನಾನು ಒಪ್ಪಲಿಲ್ಲ. ದಾರಿ ತೋರಿಸಿದವರು ಅಜ್ಜಿ. ‘ಹಾಲುಕ್ಕಿಸೋದಕ್ಕೆ ಒಲೆ ಬೇಕು, ದೇವರಿಗೆ ಒಂದು ಮೂಲೆ ಬೇಕು. ಗೋಡೆಗೆ ಬಣ್ಣ ಇಲ್ಲದಿದ್ರೆ ದೇವರೇನು ಬೇಡ ಅಂತಾನಾ? ಪೂಜೆ ಮಾಡಿ, ದಿನಾ ಸಂಜೆ ದೀಪ ಹಚ್ಚಿದ್ರಾಯ್ತು, ಸಾಮಾನು ಆಮೇಲೆ ಬರಲಿ ಕಣೋ’ ಎಂದು ಮಗನಿಗೆ ಹೇಳಿದರು. ಪುರೋಹಿತರೂ ಒಪ್ಪಿದರು.

ಅಡುಗೆಮನೆಯ ಕೆಲಸವನ್ನು ಮುಂದಕ್ಕೆ ತಂದು, ಕಡಪ ಕಲ್ಲು ತೆಗೆದು ಗ್ರಾನೈಟ್ ಕಟ್ಟೆ ಕೂರಿಸಿದೆವು. ಕೆಳಗೆ ಕಪಾಟಿಲ್ಲ, ಗೋಡೆಗೆ ಬಣ್ಣವಿಲ್ಲ. ಗಣಹೋಮ ಆಯಿತು, ಹಾಲುಕ್ಕಿತು, ಹತ್ತಿರದ ನೆಂಟರು ಕೆಳಗೆ ಚಾಪೆ ಹಾಸಿ ಊಟ ಮಾಡಿದರು. ಆವತ್ತು ಬಂದ ನೆಂಟರಿಗೆ ಮೇಡಂ ಆ ತುಕ್ಕು ಹಿಡಿದ ಪೈಪಿನ ತುಂಡು ತೋರಿಸುತ್ತಿದ್ದುದನ್ನು ನಾನು ಕಂಡೆ. ಆಮೇಲೆ ಪ್ರತಿ ಸಂಜೆ ದೀಪ ಹಚ್ಚಲು ಮನೆಯವರಲ್ಲೊಬ್ಬರು ಬರುತ್ತಿದ್ದರಿಂದ ನಮಗೂ ಲಾಭವಾಯಿತು. ಸ್ವಿಚ್ ಬೋರ್ಡ್ ಎತ್ತರ, ಬೀರಿನ ಅಳತೆ, ಮೊಳೆ ಎಲ್ಲಿ ಬೇಕು ಎಂಬ ನೂರು ಸಣ್ಣ ತೀರ್ಮಾನಗಳು ಫೋನಿನಲ್ಲಿ ಆಗುವಂಥವಲ್ಲ.

ನೆಲ ಮತ್ತು ಬಣ್ಣ

ಮೊಸಾಯಿಕ್ ಉಳಿಸಿಕೊಳ್ಳಿ ಎಂದು ಹೇಳಿದ್ದು ನಾನು. ಅದರ ಮೇಲೆ ಗಾರೆ ಹಾಸಿ ಟೈಲ್ಸ್ ಕೂರಿಸಿದರೆ ನೆಲ ಎರಡು ಇಂಚಿನಷ್ಟು ಏರುತ್ತದೆ, ಚದರ ಮೀಟರಿಗೆ ನೂರು ಕಿಲೋ ಭಾರ ಸೇರುತ್ತದೆ. ಅಂಟಿನಲ್ಲಿ ಕೂರಿಸಿದರೂ ಅರ್ಧ ಇಂಚು ಏರುವುದು ತಪ್ಪದು. ಎಲ್ಲ ಬಾಗಿಲಿನ ಬುಡ ಕತ್ತರಿಸಬೇಕು. ಅದಕ್ಕಿಂತ ಕೆಟ್ಟದ್ದು ಮೆಟ್ಟಿಲು: ಕೆಳಗಿನ ನೆಲ ಏರಿದರೆ ಮೊದಲ ಮೆಟ್ಟಿಲು ಮಾತ್ರ ಗಿಡ್ಡ, ಉಳಿದವು ಎತ್ತರ. ಕಾಲಿಗೆ ಒಂದೇ ಅಳತೆ ಅಭ್ಯಾಸವಾಗಿರುತ್ತದೆ. ಮಂಡಿನೋವಿನವರು ಎಡವುವುದು ಅಲ್ಲಿಯೇ.

ಮೆಷಿನ್ ತಂದು ಒರಟು ಕಲ್ಲಿನಿಂದ ನಯದ ಕಲ್ಲಿನವರೆಗೆ ಹಂತಹಂತವಾಗಿ ಉಜ್ಜಿಸಿ, ಗುಂಡಿ ಬಿದ್ದ ಕಡೆ ಬಣ್ಣ ಹೊಂದಿಸಿದ ಸಿಮೆಂಟು ತುಂಬಿ ಪಾಲಿಶ್ ಮಾಡಿಸಿದಾಗ ಆ ನೆಲದಲ್ಲಿ ಹಸಿರು, ಕಂದು, ಬಿಳಿ ಕಲ್ಲಿನ ಚೂರುಗಳು ಹೊಸದರಂತೆ ಎದ್ದುಬಂದವು. ಖರ್ಚು ಟೈಲ್ಸಿಗೆ ಹೇಳಿದ್ದರ ಕಾಲು ಭಾಗಕ್ಕಿಂತ ಕಡಿಮೆ. ಮೇಲಿನ ಕೆಂಪು ನೆಲಕ್ಕೆ ಬಿರುಕು ತುಂಬಿ ಉಜ್ಜಿಸಿದ್ದಷ್ಟೆ.

ಕಿಟಕಿಗಳ ಹಳೆ ಎನಾಮಲ್ ಬಣ್ಣದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಎಷ್ಟಿದೆಯೋ ಹೇಳಲಾಗದು, ಇದೆ ಎಂದೇ ಭಾವಿಸಿ ಕೆಲಸ ಮಾಡಬೇಕು. ಒಣ ಸ್ಯಾಂಡ್‌ಪೇಪರ್ ಹಾಕಿದರೆ ಆ ಧೂಳು ಮನೆಯೆಲ್ಲ ಹರಡಿ, ಅಂಬೆಗಾಲಿಡುವ, ಬೆರಳು ಬಾಯಿಗಿಡುವ ಮಕ್ಕಳ ಹೊಟ್ಟೆ ಸೇರುತ್ತದೆ. ಅವರ ಮಿದುಳಿನ ಬೆಳವಣಿಗೆಗೆ ಅದು ಹಾನಿ. ನೀರು ಹಾಕಿ ಉಜ್ಜಿಸಿ, ಕೆಸರನ್ನು ಕಾಗದದಲ್ಲಿ ಒರೆಸಿ ತೆಗೆಸಿದೆವು. ಆ ದಿನಗಳಲ್ಲಿ ಮಗುವನ್ನು ದೀಪ ಹಚ್ಚಲೂ ಕರೆತರಬೇಡಿ ಎಂದು ಹೇಳಿದ್ದೆ.

ಹಜಾರದ ತೇವದ ಗೋಡೆಯಲ್ಲಿ ಕಲೆ ಇದ್ದ ಗೆರೆಗಿಂತ ಒಂದಡಿ ಮೇಲಿನವರೆಗೆ ಹಳೆ ಗಾರೆ ಕೆತ್ತಿ, ಇಟ್ಟಿಗೆಯನ್ನು ಬರಿದಾಗಿಯೇ ಬಿಟ್ಟು ಒಣಗಿಸಿ, ಆಮೇಲೆ ಗಾರೆ ಮಾಡಿಸಿದೆ. ಅದಕ್ಕೆ ಪುಟ್ಟಿ ಬೇಡ, ಈ ಮಳೆಗಾಲ ಕಳೆಯುವವರೆಗೆ ಬರೀ ಸುಣ್ಣ ಇರಲಿ ಎಂದೆ. ಬಾಗಿಲು ತೆಗೆದರೆ ಎದುರಿಗೆ ಕಾಣುವ ಗೋಡೆ ಅದು. ಮೇಡಂ ಬಹಳ ಹೊತ್ತು ಅದನ್ನೇ ನೋಡಿ, ಮುಂದೆ ಟಿವಿ ಸ್ಟ್ಯಾಂಡ್ ಇಟ್ಟುಕೊಳ್ಳುತ್ತೇನೆ, ಸ್ವಲ್ಪ ದೂರಕ್ಕೆ, ಗಾಳಿ ಆಡುವ ಹಾಗೆ ಎಂದು ಒಪ್ಪಿದರು.

ಲೆಕ್ಕ

ಬಚ್ಚಲು ಎರಡು, ಪೈಪು ಸೇರಿ ಎರಡೂ ಮುಕ್ಕಾಲು ಲಕ್ಷ. ವೈರಿಂಗ್ ಒಂದೂವರೆ. ತಾರಸಿ, ಸಜ್ಜಾ ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ಅಡುಗೆಮನೆ ಒಂದೂಕಾಲು: ಗ್ರಾನೈಟ್ ಕಟ್ಟೆ, ಕೆಳಗೆ ಪ್ಲೈವುಡ್ ಬಾಗಿಲು, ಮೇಲೆ ತೆರೆದ ಶೆಲ್ಫು. ನೆಲಕ್ಕೆ ಅರ್ಧ ಲಕ್ಷ, ಬಣ್ಣಕ್ಕೆ ಒಂದೂಕಾಲು, ಉಳಿದದ್ದು ಗೆದ್ದಲು, ಬಾಗಿಲು, ಲಿಂಟಲ್, ಕಸ ಸಾಗಣೆ. ಒಡೆದ ಗಾರೆ, ಟೈಲ್ಸ್ ಟ್ರ್ಯಾಕ್ಟರಿನ ಲೋಡುಗಟ್ಟಲೆ ಆಗುತ್ತದೆ. ಅದನ್ನು ಪಕ್ಕದ ಖಾಲಿ ಸೈಟಿಗೆ ಸುರಿಯದೆ ಸರಿಯಾದ ಜಾಗಕ್ಕೆ ಕಳಿಸುವ ಖರ್ಚನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಫಾಲ್ಸ್ ಸೀಲಿಂಗ್, ವಾರ್ಡ್‌ರೋಬು, ಟೈಲ್ಸ್ ನೆಲ ಪಟ್ಟಿಯಿಂದ ಬಿದ್ದುಹೋದವು. ಒಂಬತ್ತು ಲಕ್ಷದಲ್ಲೇ ನಿಂತದ್ದು ಅವು ಬಿದ್ದುಹೋದದ್ದರಿಂದ.

ಮೇಸ್ತ್ರಿಗಳಿಗೆ ದುಡ್ಡು ಕೊಟ್ಟದ್ದು ಹಂತದ ಮೇಲೆ. ಪೈಪಿನ ಒತ್ತಡ ಪರೀಕ್ಷೆ ಆದಮೇಲೆ ಒಂದು ಕಂತು, ಬಚ್ಚಲಿನ ನೀರಿನ ಪರೀಕ್ಷೆ ಆದಮೇಲೆ ಇನ್ನೊಂದು. ತಾರಸಿ ಮತ್ತು ಬಚ್ಚಲಿನ ಕೆಲಸದ ಹತ್ತರಲ್ಲೊಂದು ಭಾಗ ದಸರಾ ಕಳೆಯುವವರೆಗೆ ಬಾಕಿ ಎಂದು ಮೊದಲ ದಿನವೇ ಬರೆದು ಸಹಿ ಆಗಿತ್ತು. ವಾರದ ಬಟವಾಡೆ ಮಾತ್ರ ಒಂದು ಶನಿವಾರವೂ ತಪ್ಪಿಸಬಾರದು ಎಂದು ಮೇಷ್ಟ್ರಿಗೆ ಹೇಳಿದ್ದೆ, ಅವರು ತಪ್ಪಿಸಲಿಲ್ಲ. ಕೂಲಿಯವರ ಮನೆ ನಡೆಯುವುದು ಅದರಲ್ಲಿ.

ಮಳೆಗಾಲ

ಜೂನ್ ಮಧ್ಯದಲ್ಲಿ, ಆಷಾಢಕ್ಕೆ ಮುಂಚೆ, ಸಾಮಾನು ಬಂತು. ತಾರಸಿ ಜೂನ್ ಜುಲೈಯ ಜಿಟಿಜಿಟಿಯನ್ನು ತಡೆಯಿತು. ಸೆಪ್ಟೆಂಬರಿನ ಗಾಳಿಮಳೆಯಲ್ಲಿ ಮೇಲಿನ ಕೋಣೆಯ ಪಶ್ಚಿಮದ ಕಿಟಕಿಯ ಮೂಲೆಯಲ್ಲಿ ನೀರು ಒಳಬಂತು. ಸಜ್ಜಾದ ಅಂಚಿನಲ್ಲಿ ನೀರು ಹನಿಯಾಗಿ ಕೆಳಗುದುರಲು ಅಡಿಭಾಗದಲ್ಲಿ ಒಂದು ಗಾಡಿ, ಅಂದರೆ ಉದ್ದಕ್ಕೆ ಕೊರೆದ ಸಣ್ಣ ತೋಡು, ಇರಬೇಕು. ಹೊಸ ಗಾರೆ ಮಾಡುವಾಗ ಅಲ್ಲಿ ಅದು ಮುಚ್ಚಿಹೋಗಿತ್ತು. ನೀರು ಸಜ್ಜಾದ ಅಡಿಗೆ ಅಂಟಿಕೊಂಡು ಹರಿದು ಕಿಟಕಿ ಸೇರುತ್ತಿತ್ತು. ಬಾಕಿ ದುಡ್ಡು ಇದ್ದುದರಿಂದ ಮೇಸ್ತ್ರಿ ಒಂದೇ ಫೋನಿಗೆ ಬಂದ, ಅರ್ಧ ದಿನದಲ್ಲಿ ಗಾಡಿ ಕೊರೆದು ಸರಿಮಾಡಿದ. ದಸರಾ ಮುಗಿದ ವಾರ ಅವನ ಬಾಕಿ ಚುಕ್ತಾ ಆಯಿತು.

ಸುಣ್ಣದ ಗೋಡೆಯಲ್ಲಿ ತೆಳ್ಳಗೆ ಉಪ್ಪು ಬರುತ್ತಲೇ ಇತ್ತು. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ನೀರು ಹಾಕಬೇಡಿ ಎಂದಿದ್ದೆ. ನವೆಂಬರಿನಲ್ಲಿ ನಿಂತಿತು. ಜನವರಿಯಲ್ಲಿ ಆ ಗೋಡೆಗೆ ಪ್ರೈಮರ್, ಎರಡು ಕೋಟ್ ಬಣ್ಣ. ಬಣ್ಣ ಆರಿಸಿದ್ದು ಮೇಡಂ. ಮೆಟ್ಟಿಲಿನ ಮೇಲಿನ ಹೆಡ್‌ರೂಮ್ ಗೋಡೆ ಸೇರುವ ಕಡೆ ಕೂದಲೆಳೆಯಷ್ಟು ಬಿರುಕು ಇನ್ನೂ ಇದೆ. ಅದರ ತುದಿಗಳಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ ತಾರೀಖು ಬರೆದಿದ್ದೇವೆ, ಇಲ್ಲಿಯವರೆಗೆ ಬೆಳೆದಿಲ್ಲ. ಸೋಲಾರ್ ನೀರಿನ ಹೀಟರಿಗೆಂದು ತಾರಸಿಯಿಂದ ಎರಡೂ ಬಚ್ಚಲಿಗೆ ಸಿಪಿವಿಸಿ ಪೈಪು ಆಗಲೇ ಇಳಿದಿದೆ, ತುದಿಗೆ ಮುಚ್ಚಳ ಹಾಕಿದೆ. ದುಡ್ಡು ಕೂಡಿದಾಗ ಗೋಡೆ ಮುಟ್ಟದೆ ಜೋಡಿಸಬಹುದು. ವಾರ್ಡ್‌ರೋಬು ಈ ಬೇಸಿಗೆ ರಜೆಯಲ್ಲಿ ಮಾಡಿಸುತ್ತಾರಂತೆ, ಬಡಗಿಗೆ ಕೊಡಲು ಗೋಡೆಯ ಫೋಟೋಗಳನ್ನು ಹುಡುಕಿಟ್ಟಿದ್ದಾರೆ.